ಪುಕ್ಕಟೆ ಬಂದ ನಾಯಿ

ನಮ್ಮತ್ತೆ ಅಮ್ಮಯಮ್ಮನವರು ಯಾರನ್ನೂ ನಂಬುವವರಲ್ಲ. ಸೊಸೆಯಾದವಳು ಇನ್ನೇನು ಹೇಳುತ್ತಾಳೆ ಅಂತ ನಿಮಗೆ ಅನ್ನಿಸಿದರೆ ಜಡಿಗೇನಹಳ್ಳಿ ಕಡೆ ಬಂದು, ನಮ್ಮೂರಿನ ಯಾವ ಮನೆ ಜಗಲಿಯ ಮೇಲಾದರೂ ಕೂತು ಕೇಳಿ ನೋಡಿ. ಡೇರಿಯಲ್ಲಿ ಹಾಲಿನ ಫ್ಯಾಟು ತೋರಿಸುವ ಮೆಷಿನ್ನಿನ ಮೇಲೆ ಅವರಿಗೆ ಅನುಮಾನ. ಹೆಂಗಸರಿಗೆ ಬಸ್ಸು ಫ್ರೀ ಅಂದಾಗ, ಸುಮ್ಮನೆ ಹತ್ತಿಸಿಕೊಂಡು ಇಳಿಯುವಾಗ ಏನು ಕಿತ್ತುಕೊಳ್ಳುತ್ತಾರೋ ಅಂತ ಎಷ್ಟೋ ದಿನ ಹೊಸಕೋಟೆಗೇ ಹೋಗಲಿಲ್ಲ. ಮದುವೆ ಪತ್ರಿಕೆ ಮುಂಚಿತವಾಗಿ ಬಂದರೆ ಯಾಕೆ ಇಷ್ಟು ಅವಸರ ಅಂತಾರೆ, ತಡವಾಗಿ ಬಂದರೆ ಬರೋದು ಬೇಡ ಅಂತ ತಾನೇ ಅಂತಾರೆ. ತುಪ್ಪದ ಡಬ್ಬಿಯ ಮುಚ್ಚಳದ ಮೇಲೆ ರಂಗೋಲಿ ಪುಡಿಯಲ್ಲಿ ಸಣ್ಣ ಗೆರೆ ಎಳೆದಿಡುತ್ತಾರೆ. ಯಾರಾದರೂ ಮುಚ್ಚಳ ತೆಗೆದರೆ ಗೆರೆ ಅಳಿಸಿಹೋಗುತ್ತದೆ. ನಮ್ಮ ಮನೆಯಲ್ಲಿ ಅವರನ್ನು ಬಿಟ್ಟರೆ ತುಪ್ಪದ ಡಬ್ಬಿಗೆ ಕೈ ಹಾಕುವವಳು ನಾನೊಬ್ಬಳೇ, ಹಾಗಾಗಿ ಆ ಗೆರೆ ಯಾರಿಗೋಸ್ಕರ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅವರು ಹುಟ್ಟಿದಾಗಲೇ ಹೀಗಿರಲಿಲ್ಲವಂತೆ. ನಮ್ಮ ಮಾವ ಮುನಿವೆಂಕಟಪ್ಪನವರು ಸಾಧು ಮನುಷ್ಯ. ಅವರು ಇದ್ದಾಗ ರಸ್ತೆ ಪಕ್ಕದ ಜಮೀನಿನ ಮೇಲೆ ಕಣ್ಣು ಹಾಕಿ ಒಬ್ಬ ಬ್ರೋಕರ್ ದಿನಾ ಮನೆಗೆ ಬರುತ್ತಿದ್ದನಂತೆ. ಅತ್ತೆಯನ್ನು ಹೆತ್ತ ತಾಯಿಗಿಂತ ಹೆಚ್ಚಾಗಿ ಅಮ್ಮಾ ಅಮ್ಮಾ ಅಂತ ಕರೆದನಂತೆ. ಅವರು ಮಾಡಿದ ಬಸ್ಸಾರು ಉಂಡು, ಇಂಥ ಕೈರುಚಿ ಎಲ್ಲೂ ಕಂಡಿಲ್ಲ ಅಂದನಂತೆ. ಕೊನೆಗೆ ಮಾವ ಅವನನ್ನು ನಂಬಿ ರುಜು ಹಾಕಿದರು, ಜಮೀನೂ ಹೋಯಿತು, ಅವನೂ ಹೋದ. ಅವತ್ತಿನಿಂದ ಯಾರಾದರೂ ಒಳ್ಳೆಯ ಮಾತಾಡಿದರೆ ಅತ್ತೆಗೆ ಮೈಯೆಲ್ಲ ಮುಳ್ಳು. ತಾವೂ ಯಾರಿಗೂ ಒಳ್ಳೆಯ ಮಾತಾಡುವುದಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ಹೇಳುತ್ತಾರೆ, ಹದವಾಗಿದ್ದರೆ ಸುಮ್ಮನೆ ಉಣ್ಣುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅವರ ಮುಖವನ್ನೇ ನೋಡುತ್ತಾ ಕೂರುತ್ತಿದ್ದೆ, ಒಂದು ಸಲವಾದರೂ ಚೆನ್ನಾಗಿದೆ ಅಂದಾರು ಅಂತ. ಆಮೇಲೆ ಬಿಟ್ಟುಬಿಟ್ಟೆ.

ಅವರದು ಇನ್ನೊಂದು ಗುಣವಿದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಅವರ ಬಾಯಲ್ಲಿ ಹಕಾರ ಹೊರಡುವುದಿಲ್ಲ. ಹಾಲು ಅವರಿಗೆ ಆಲು, ಹಿಟ್ಟು ಇಟ್ಟು, ಹೊಲ ಒಲ. ನಮ್ಮ ಸೀಮೆಯಲ್ಲಿ ಹಳಬರು ಮಾತಾಡುವುದೇ ಹಾಗೆ. ನಾನು ಹೊಸಕೋಟೆಯಲ್ಲಿ ಓದಿದವಳು, ಮೇಷ್ಟರು ಬೆತ್ತ ಹಿಡಿದು ಹಕಾರ ಹೇಳಿಸಿದ್ದಾರೆ. ನನ್ನ ಮಗಳು ಅರ್ಪಿತಳ ಹಕಾರವಂತೂ ಟಿವಿಯಲ್ಲಿ ವಾರ್ತೆ ಓದುವವರದಂತಿದೆ. ಅಜ್ಜಿಯನ್ನು ಅವಳು ಇದಕ್ಕೆ ಗೋಳು ಹೊಯ್ದುಕೊಳ್ಳುವುದುಂಟು.

ಇನ್ನು ನಾಯಿಯ ವಿಷಯ. ನನ್ನ ಗಂಡ ಕೆಂಪರಾಜ್ ಪಿಲ್ಲಗುಂಪೆಯ ಒಂದು ಗೋಡೌನಿನಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ಅಲ್ಲಿ ಕಾವಲಿಗೆ ಅಂತ ಯಾವುದೋ ಸೆಕ್ಯೂರಿಟಿಯವರು ನಾಯಿ ಇಟ್ಟಿದ್ದರು. ಅದನ್ನು ಪಳಗಿಸಿ ನೋಡಿಕೊಳ್ಳುತ್ತಿದ್ದವನು ಹರಿಯಾಣದ ಧರಮ್‌ವೀರ್ ಅನ್ನುವ ಹುಡುಗ. ಸೆಕ್ಯೂರಿಟಿಯವರ ಕಾಂಟ್ರಾಕ್ಟು ಮುಗಿಯಿತು, ಹುಡುಗ ತಂಗಿಯ ಮದುವೆಗೆ ಅಂತ ಊರಿಗೆ ಹೋದವನು ವಾಪಸು ಬರಲಿಲ್ಲ, ನಾಯಿ ಅಲ್ಲೇ ಉಳಿಯಿತು. ಹತ್ತಿರ ಹೋಗಲು ಉಳಿದ ಗಾರ್ಡುಗಳಿಗೆ ಭಯ. ಮ್ಯಾನೇಜರು ಯಾರಾದರೂ ಕರೆದುಕೊಂಡು ಹೋಗ್ರಪ್ಪ ಅಂದದ್ದೇ ತಡ, ನಮ್ಮ ಯಜಮಾನರು ಅದನ್ನು ಕಂಪನಿಯ ವ್ಯಾನಿನಲ್ಲಿ ಕೂರಿಸಿಕೊಂಡು ಬಂದುಬಿಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಕಂದು ಮೈ, ಕಪ್ಪು ಮೂತಿ, ನೆಟ್ಟಗೆ ನಿಂತ ಕಿವಿ. ವ್ಯಾನಿನಿಂದ ಇಳಿದದ್ದೇ ಅಂಗಳವನ್ನೆಲ್ಲ ಮೂಸಿ, ಹಿತ್ತಲು ಸುತ್ತಿ, ಕೊಟ್ಟಿಗೆಗೆ ಹೋಗಿ ಹಸುಗಳನ್ನು ಎಣಿಸಿದ ಹಾಗೆ ನೋಡಿ, ಮತ್ತೆ ಬಂದು ಗೇಟಿನ ಬಳಿ ನಿಂತಿತು.

"ಅಮ್ಮಾ, ಬೆಲ್ಜಿಯಂ ತಳಿ ಕಣಮ್ಮ ಇದು. ಮ್ಯಾಲಿನಾಯ್ ಅಂತಾರೆ. ಮಿಲಿಟರಿಯಲ್ಲೆಲ್ಲ ಇಟ್ಕೋತಾರೆ" ಅಂದರು ಇವರು.

"ಮ್ಯಾಲಿನ ನಾಯಾ? ಅಂಗಾದ್ರೆ ನಾವೆಲ್ಲ ಕೆಳಗಿನೋರಾ?" ಅಂದರು ಅತ್ತೆ.

"ಶೇರು ಅಂತ ಹೆಸರು."

"ಸೇರೋ ಪಾವೋ, ಅದ್ ಆಮೇಲೆ. ಸುಮ್ಕೆ ಯಾಕ್ಲಾ ಕೊಟ್ರು?"

"ನೋಡ್ಕೊಳ್ಳೋರಿಲ್ಲ ಅಂತ ಕೊಟ್ರಮ್ಮ."

"ಐಬು ಇಲ್ದೆ ಯಾವನ್ಲಾ ಪುಕ್ಕಟೆ ಕೊಡ್ತಾನೆ?"

ಅಂದವರೇ ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು, ಸಂತೆಯಲ್ಲಿ ಹಸು ನೋಡುವ ಹಾಗೆ ನಾಯಿಯ ಸುತ್ತ ಬಂದರು. ಹಲ್ಲು ನೋಡಿದರು. ಬೆನ್ನ ಮೇಲೆ ಕೆಟ್ಟ ಸುಳಿ ಇದೆಯೇನೋ ಅಂತ ಕೂದಲು ಬಿಡಿಸಿ ನೋಡಿದರು. ಅಷ್ಟು ದೊಡ್ಡ ಪ್ರಾಣಿ ಕಮಕ್ ಕಿಮಕ್ ಅನ್ನದೆ ನಿಂತಿತ್ತು. ಎಲ್ಲ ಮುಗಿದ ಮೇಲೆ ಅವರ ಕೈಯನ್ನು ಒಂದು ಸಲ ನೆಕ್ಕಿತು. ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಕಡೆ ತಿರುಗಿ, "ನೋಡ್ದೇನೇ ಶಶಿ? ಬಂದಿದ್ದ್ ಗಳಿಗೇನೇ ನೆಕ್ತದೆ. ಇದು ಏನೋ ಒತ್ಕೊಂಡ್ ಓಗಾಕೆ ಬಂದದೆ" ಅಂದರು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಗ್ರಹಚಾರ. ಆ ನಾಯಿಗೆ ಕೂರುವುದು ಅಂದರೇನು ಅಂತಲೇ ಗೊತ್ತಿಲ್ಲ. ಬೆಳಕು ಹರಿಯುವ ಮುಂಚೆ ಎದ್ದು ಅಂಗಳದಲ್ಲಿ ಸುತ್ತು ಹೊಡೆಯುತ್ತಿತ್ತು. ಹುರುಳಿಕಾಯಿ ಮಡಿಯಲ್ಲಿ ಗುಂಡಿ ತೋಡಿತು. ಗೇಟಿನ ಚಿಲಕ ತೆಗೆಯುವುದನ್ನು ಕಲಿಯಿತು. ಪ್ಲಾಸ್ಟಿಕ್ ಬಿಂದಿಗೆಯನ್ನು ಚೂರುಚೂರು ಮಾಡಿ, ಆ ಚೂರುಗಳನ್ನು ಒಂದು ಕಡೆ ಒಟ್ಟಿತು. ಮೇಯಲು ಹೋದ ಹಸುಗಳನ್ನು ಎಷ್ಟು ಶ್ರದ್ಧೆಯಿಂದ ಮನೆಗೆ ಅಟ್ಟಿಕೊಂಡು ಬಂತೆಂದರೆ, ಗಾಬರಿಯಾದ ಸೀಮೆಹಸು ಅವತ್ತು ಸರಿಯಾಗಿ ಹಾಲೇ ಇಳಿಸಲಿಲ್ಲ. ಹೊತ್ತಾರೆ ಎದ್ದು ಓಡಾಡಿಸ್ತೀನಿ ಅಂತ ಇವರು ನಾಯಿ ತಂದ ದಿನ ಜಂಬ ಕೊಚ್ಚಿಕೊಂಡಿದ್ದರು. ಒಂದು ವಾರ ಓಡಾಡಿಸಿದರು. ಆಮೇಲೆ ನೈಟ್ ಶಿಫ್ಟು, ಸೊಂಟ ನೋವು, ಮಂಜು ಅಂತ ದಿನಕ್ಕೊಂದು ನೆಪ.

"ಅಮ್ಮ, ಈ ಜಾತಿ ನಾಯಿಗೆ ದಿನಾ ಗಂಟೆಗಟ್ಲೆ ಓಟ ಬೇಕಂತೆ. ತಲೆಗೂ ಕೆಲಸ ಬೇಕಂತೆ. ಇಲ್ದಿದ್ರೆ ತಾನೇ ಏನಾದ್ರೂ ಕೆಲಸ ಹುಡುಕ್ಕೊಳ್ಳುತ್ತಂತೆ" ಅಂತ ಅರ್ಪಿತ ಮೊಬೈಲು ನೋಡಿ ಹೇಳಿದಳು.

"ನಿಮ್ಮಪ್ಪನಿಗೂ ಆ ಜಾತಿದು ಒಂಚೂರು ಅಂಟಿದ್ರೆ ಚೆನ್ನಾಗಿತ್ತು" ಅಂದೆ ನಾನು.

ನಾಯಿಯನ್ನು ನಾನು ದೂರುವುದಿಲ್ಲ. ದುಡಿಯುವುದಕ್ಕೇ ಹುಟ್ಟಿದ ಜೀವ ಅದು. ನೋಡಲು ಚೆಂದ, ಲಕ್ಷದ ತಳಿ, ಅಂತ ಅದನ್ನು ಮನೆಗೆ ತಂದು ಸೀಬೆ ಮರಕ್ಕೆ ಕಟ್ಟಿ ತಾವು ಮೊಬೈಲು ನೋಡುತ್ತಾ ಕೂರುವವರನ್ನು ಕಂಡರೆ ಮಾತ್ರ ನನಗೆ ಉರಿಯುತ್ತದೆ. ಅಂಥವರಲ್ಲಿ ಒಬ್ಬರ ಜೊತೆಗೇ ನಾನು ಸಂಸಾರ ಮಾಡುತ್ತಿರುವುದು ಬೇರೆ ಮಾತು.

ಎಲ್ಲಕ್ಕಿಂತ ವಿಚಿತ್ರ ಅಂದರೆ, ಊಟ ಹಾಕುವವಳು ನಾನು, ಮೈ ತೊಳೆಯುವವಳು ಅರ್ಪಿತ, ತಂದವರು ಇವರು. ಆದರೆ ನಾಯಿ ಹಿಂದೆ ಬೀಳುತ್ತಿದ್ದದ್ದು ಅತ್ತೆಯ ಹಿಂದೆ. ಅವರು ಕೊಟ್ಟಿಗೆಗೆ ಹೋದರೆ ಕೊಟ್ಟಿಗೆಗೆ, ತೋಟಕ್ಕೆ ಹೋದರೆ ತೋಟಕ್ಕೆ. ಬಚ್ಚಲಿಗೆ ಹೋದರೆ ಬಾಗಿಲಲ್ಲಿ ಕಾವಲು. ಅತ್ತೆ ದಿನಪೂರ್ತಿ ಅದನ್ನು ಓಡಿಸುತ್ತಿದ್ದರು. ನಾಯಿಯನ್ನು ಓಡಿಸಲು ನಮ್ಮಲ್ಲಿ ಎಲ್ಲರೂ ಅನ್ನುವ ಹಾಗೆಯೇ ಹಚ್ಚಾ, ಹಚ್ಚಾ ಅನ್ನುತ್ತಿದ್ದರು. ಓಡಿಸಿದಷ್ಟೂ ಅದು ಬಾಲ ಅಲ್ಲಾಡಿಸಿಕೊಂಡು ಇನ್ನೂ ಹತ್ತಿರ ಬರುತ್ತಿತ್ತು.

"ಇದ್ಯಾಕೆ ನನ್ನೇ ನೋಡ್ತದೆ ಶಶಿ? ಬೀಗದ ಕೈ ನಾನೆಲ್ಲಿ ಇಡ್ತೀನಿ ಅಂತ ನೋಡ್ಕಂತಾ ಅದೆ" ಅಂದರು ಒಂದು ದಿನ.

"ನಾಯಿ ಬೀಗದ ಕೈ ತಗೊಂಡು ಏನ್ಮಾಡುತ್ತೆ ಅತ್ತೆ?"

"ನಾಯಿ ಅಲ್ವೇ, ಆ ಅರಿಯಾಣದೋನು. ಬೇಕು ಅಂತ್ಲೇ ಬಿಟ್ಟೋಗವ್ನೆ. ಒಂದಿನ ಕಳ್ಳರನ್ನ ಕಟ್ಕೊಂಡ್ ಬತ್ತಾನೆ. ಅವನನ್ನ ಕಂಡ್ರೆ ಇದು ಬೊಗಳಲ್ಲ. ಪುಕ್ಕಟೆ ಕೊಟ್ಟಿದ್ದು ಯಾಕೆ ಅಂತ ಈಗ್ಲಾದ್ರೂ ಗೊತ್ತಾಯ್ತಾ?"

ನಾನು ನಕ್ಕೆ. ಆದರೆ ನಿಜ ಹೇಳುತ್ತೇನೆ, ಆ ಮಾತು ನನ್ನ ತಲೆಯಲ್ಲೂ ಹೊಕ್ಕಿತು. ಊರಿಗೆ ಯಾರಾದರೂ ಹಿಂದಿ ಮಾತಾಡುವ ಐಸ್‌ಕ್ರೀಮಿನವನು ಬಂದರೂ ನಾಯಿ ಕಿವಿ ನಿಮಿರಿಸಿ, ಕುಂಯ್ ಅಂತ ಗೇಟಿನ ಕಡೆಗೆ ಓಡುತ್ತಿತ್ತು. ಅದನ್ನು ನೋಡಿ ನನಗೂ ಒಂದು ಥರಾ ಆಗುತ್ತಿತ್ತು. ಅತ್ತೆಯ ಜೊತೆ ಬಾಳಿ ಬಾಳಿ ಅವರ ರೋಗ ನನಗೂ ಅಂಟಿತ್ತೋ ಏನೋ.

ಆಮೇಲೆ ಚಪ್ಪಲಿಗಳ ಪ್ರಕರಣ ನಡೆಯಿತು. ಒಂದು ಮಧ್ಯಾಹ್ನ ಶೇರು ಎಲ್ಲಿಂದಲೋ ಒಂದು ಹವಾಯಿ ಚಪ್ಪಲಿ ಕಚ್ಚಿಕೊಂಡು ಬಂದು ಅತ್ತೆಯ ಕಾಲ ಬಳಿ ಇಟ್ಟಿತು. ಅತ್ತೆ ರಾಗಿ ಕೇರುತ್ತಿದ್ದವರು ಮೊರವನ್ನೇ ಎತ್ತಿ ಹಚ್ಚಾ ಹಚ್ಚಾ ಅಂತ ಕೂಗಿಕೊಂಡರು. ನಾಯಿ ಓಡಿತು. ಸ್ವಲ್ಪ ಹೊತ್ತಿಗೆ ಅದರ ಜೋಡಿಯನ್ನು ತಂದಿಟ್ಟಿತು. ಮತ್ತೆ ಹಚ್ಚಾ. ಮತ್ತೆ ಓಡಿತು. ಸಂಜೆ ಹೊತ್ತಿಗೆ ನಮ್ಮ ಬೀದಿಯ ಚಪ್ಪಲಿಗಳೆಲ್ಲ ನಮ್ಮ ಜಗಲಿಯ ಮುಂದೆ ಗುಡ್ಡೆ ಬಿದ್ದಿದ್ದವು, ದೇವಸ್ಥಾನದ ಬಾಗಿಲಲ್ಲಿ ಬಿಟ್ಟ ಪೂಜಾರಿಯವರದೂ ಸೇರಿ. ಊರಿನವರು ಬಂದು ನಂದು ಇದು, ನಿಂದು ಅದು ಅಂತ ಆರಿಸಿಕೊಂಡು, ಹೋಗುವಾಗ ನಮ್ಮನ್ನು ಬೈದು ಹೋದರು. ಯಾರೋ ಬೇಕಂತಲೇ ನಾಯಿಗೆ ಹೇಳಿಕೊಟ್ಟು ನಮ್ಮ ಮರ್ಯಾದೆ ಕಳೆಯುತ್ತಿದ್ದಾರೆ ಅಂತ ಅತ್ತೆ ಎರಡು ದಿನ ಎದುರುಮನೆಯವರ ಜೊತೆ ಮಾತು ಬಿಟ್ಟರು.

ಇದೆಲ್ಲ ನಗುವ ಮಾತಾಯಿತು. ಚಿಕ್ಕಬೀರಪ್ಪನ ವಿಷಯದಲ್ಲಿ ಮಾತ್ರ ಯಾರಿಗೂ ನಗು ಬರಲಿಲ್ಲ.

ಚಿಕ್ಕಬೀರಪ್ಪ ಕುರಿ ಮೇಯಿಸುವವನು, ಒಳ್ಳೆಯ ಮನುಷ್ಯ. ನಮ್ಮ ಕೊಯ್ದ ಹೊಲದಲ್ಲಿ ಗೊಬ್ಬರಕ್ಕೆ ಕುರಿ ಮಂದೆ ನಿಲ್ಲಿಸಬೇಕೋ ಬೇಡವೋ ಅಂತ ಕೇಳಲು ಬಂದಿದ್ದ. ಗೇಟಿನ ಒಳಗೆ ಕಾಲಿಟ್ಟು, "ಏನಕ್ಕಾ, ಚೆನ್ನಾಗಿದೀರಾ?" ಅಂತ ಅತ್ತೆಯ ಕಡೆ ಕೈ ಎತ್ತಿದ. ಕೈಯಲ್ಲಿ ಕೋಲಿತ್ತು. ಅಷ್ಟೇ. ಎಲ್ಲಿತ್ತೋ ಶೇರು, ಹಾರಿ ಬಂದು ಅವನ ಮುಂಗೈಯನ್ನು ಬಾಯಲ್ಲಿ ಹಿಡಿಯಿತು. ಕಡಿಯಲಿಲ್ಲ, ಎಳೆಯಲಿಲ್ಲ, ಹಿಡಿದುಕೊಂಡು ನಿಂತಿತು. ಅವನು ಹೆದರಿ ಕೈ ಕಿತ್ತುಕೊಳ್ಳಲು ಹೋದಾಗ ಹಲ್ಲು ನಾಟಿತು. ನಾವೆಲ್ಲ ಹಚ್ಚಾ ಅಂತ ಕಿರುಚಿದೆವು. ಅತ್ತೆಯದು ಎಲ್ಲರಿಗಿಂತ ದೊಡ್ಡ ಗಂಟಲು. ಅವರು ಕೂಗಿದಷ್ಟೂ ನಾಯಿ ಅವರನ್ನೇ ನೋಡುತ್ತಾ, ಬಾಲ ಅಲ್ಲಾಡಿಸುತ್ತಾ, ಹಿಡಿತವನ್ನು ಬಿಗಿ ಮಾಡಿತು. ಕೊನೆಗೆ ಇವರು ಸ್ನಾನದ ಮನೆಯಿಂದ ಟವೆಲ್ಲಿನಲ್ಲೇ ಓಡಿ ಬಂದು ಕೊರಳಪಟ್ಟಿ ಹಿಡಿದು ತಿರುಚಿದ ಮೇಲೆ ಬಿಟ್ಟಿತು. ಚಿಕ್ಕಬೀರಪ್ಪನ ಅಂಗಿ ತೋಳೆಲ್ಲ ರಕ್ತವಾಗಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿದೆವು. ಪಾಪ, ಅವನು ಕಂಪ್ಲೇಂಟು ಗಿಂಪ್ಲೇಂಟು ಅನ್ನಲಿಲ್ಲ. "ಅಕ್ಕಾ, ಹೆಣ್ಣುಮಗು ಇರೋ ಮನೆ. ಯೋಚನೆ ಮಾಡಿ" ಅಂತಷ್ಟೇ ಅಂದ.

ಅತ್ತೆ ಅವತ್ತೇ ತೀರ್ಪು ಕೊಟ್ಟರು. "ಕೆಂಪಾ, ಈ ಮನೇಲಿ ಇದಿರ್ಬೇಕು, ಇಲ್ಲ ನಾನಿರ್ಬೇಕು. ಬಾಲ ಆಡಿಸ್ಕಂಡು ಕಚ್ಚೋ ನಾಯಿನ ನಾನ್ ಎಲ್ಲೂ ಕಂಡಿಲ್ಲ. ಕೋಪ ಬಂದು ಕಚ್ಚಿದ್ರೆ ಅದೊಂಥರ. ಕುಸಿಯಾಗಿ ಕಚ್ಚತದೆ ಅಂದ್ರೆ ಅದರ ಒಟ್ಟೆವೊಳಗೆ ಏನೈತೋ?"

ಅರ್ಪಿತ ಅತ್ತಳು, ಊಟ ಬಿಟ್ಟಳು. ಅವಳನ್ನು ಸಮಾಧಾನ ಮಾಡುತ್ತಲೇ ನಾನು ನಾಯಿಯ ಕಣ್ಣನ್ನು ನೋಡಿದೆ. ಇಷ್ಟು ದೊಡ್ಡ ತಪ್ಪು ಮಾಡಿಯೂ, ಈಗ ಏನು ಮಾಡಲಿ ಹೇಳು ಅನ್ನುವಂತೆ ಅತ್ತೆಯ ಕಡೆ ನೋಡುತ್ತಿತ್ತು. ಏನೋ ಇದೆ ಈ ನಾಯಿಯಲ್ಲಿ ಅಂತ ನನಗೂ ಗಟ್ಟಿಯಾಯಿತು.

ಅದನ್ನು ಕೊಡುವುದಾದರೂ ಯಾರಿಗೆ? ಮನುಷ್ಯನ ಕೈ ಹಿಡಿದ ನಾಯಿ ಅಂದರೆ ಯಾರೂ ಗೇಟಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಇವರ ಸ್ನೇಹಿತ ಕಾಂತರಾಜು ಅನ್ನುವವನು ಹೊಸಕೋಟೆ ರಸ್ತೆಯಲ್ಲಿ ಗುಜರಿ ಯಾರ್ಡು ಇಟ್ಟಿದ್ದಾನೆ. ಅವನೊಬ್ಬ ಒಪ್ಪಿದ. ಕಬ್ಬಿಣದ ರಾಶಿಯ ಪಕ್ಕ ಕಂಬಕ್ಕೆ ಚೈನು ಹಾಕಿ ಕಟ್ಟುತ್ತಾನಂತೆ. ಬಿಚ್ಚುವ ಮಾತಿಲ್ಲ, ಬಿಚ್ಚಿದರೆ ಕೆಲಸದವರು ಒಳಗೆ ಬರುವುದಿಲ್ಲ. ಅಂದರೆ ಓಡುವುದಕ್ಕೇ ಹುಟ್ಟಿದ ನಾಯಿ ಸಾಯುವ ತನಕ ಚೈನಿನ ಉದ್ದದಷ್ಟೇ ಓಡಬೇಕು. "ಹಾಗೆ ಕಟ್ಟಿದ್ರೆ ಅದಕ್ಕೆ ಹುಚ್ಚು ಹಿಡಿಯತ್ತಮ್ಮ" ಅಂತ ಅರ್ಪಿತ ಬಿಕ್ಕುತ್ತಿದ್ದಳು. ಅಜ್ಜಿಯ ಕಾಲನ್ನೂ ಹಿಡಿದಳು. ಅಜ್ಜಿ ಕಾಲು ಹಿಂದಕ್ಕೆ ಎಳೆದುಕೊಂಡರು.

ಭಾನುವಾರ ಬೆಳಗ್ಗೆ ಕಾಂತರಾಜು ಪಿಕಪ್ ಗಾಡಿ ತಂದು ಗೇಟಿನ ಮುಂದೆ ನಿಲ್ಲಿಸಿದ. ದಪ್ಪ ಚೈನು ಹೆಗಲ ಮೇಲಿತ್ತು.

"ಏನ್ ಗುರು, ರೆಡಿನಾ?" ಅಂದ.

"ರೆಡಿ ಕಣೋ" ಅಂದರು ಇವರು, ನೆಲ ನೋಡುತ್ತಾ.

ಶೇರುವಿಗೆ ಗಾಡಿ ಅಂದರೆ ಪ್ರಾಣ. ಕರೆಯುವ ಮುಂಚೆಯೇ ಹಿಂದುಗಡೆ ಹಾರಿ ನಿಂತಿತು. ಎಲ್ಲಿಗೋ ಕೆಲಸಕ್ಕೆ ಹೊರಟಿದ್ದೇವೆ ಅಂದುಕೊಂಡಿರಬೇಕು. ಅರ್ಪಿತ ಒಳಗೆ ಓಡಿ ಬಾಗಿಲು ಹಾಕಿಕೊಂಡಳು. ಅತ್ತೆ ಜಗಲಿಯಿಂದ ಇಳಿದು ಬಂದು, ಸೆರಗನ್ನು ಝಾಡಿಸಿ, "ಓಗು! ಅಚ್ಚಾ! ಈ ಕಡೆ ತಲೆ ಆಕ್ಬೇಡ! ಅಚ್ಚಾ!" ಅಂದರು.

ನಾಯಿ ಗಾಡಿಯಿಂದ ದುಮುಕಿ ನೇರ ಅವರ ಮುಂದೆ ಬಂದು ಕೂತಿತು.

"ಏ ಅತ್ತಿಸ್ಲಾ ಇದನ್ನ!" ಅಂದರು ಅತ್ತೆ. ಇವರು ಎತ್ತಿ ಹತ್ತಿಸಿದರು. ಸುಮ್ಮನೆ ನಿಂತಿತು. "ಅಚ್ಚಾ ಅಚ್ಚಾ, ಓಗತ್ಲಾಗೆ!" ಮತ್ತೆ ಹಾರಿ ಬಂದು ಅವರ ಮುಂದೆ ಕೂತು, ನಾಲಿಗೆ ಹೊರಗೆ ಹಾಕಿ ನೋಡಿತು.

ಕಾಂತರಾಜುವಿಗೆ ನಗು ತಡೆಯಲಾಗಲಿಲ್ಲ. "ಅಲ್ಲ ದೊಡ್ಡಮ್ಮಾ, ಅಚ್ಚಾ ಅಚ್ಚಾ ಅಂತ ಕರೀತಾ ಇದ್ರೆ ಅದು ಹೆಂಗೆ ಹೋಗುತ್ತೆ?"

"ಎಲ್ಲಪ್ಪಾ ಕರ್ದೆ? ಓಡುಸ್ತಾ ಇವ್ನಿ."

"ಓಡಿಸೋದಲ್ಲ ಅದು. ನಮ್ಮ ಯಾರ್ಡಲ್ಲಿ ಎಲ್ಲಾ ಹಿಂದಿ ಹುಡುಗ್ರೇ, ದಿನಾ ಕೇಳ್ತೀನಿ. ಅಚ್ಚಾ ಅಂದ್ರೆ ಅವರಲ್ಲಿ ಭೇಷ್ ಅಂತ. ಒಳ್ಳೆ ಕೆಲಸ ಮಾಡ್ದೆ ಮರಿ, ಬಾ ಅಂದಂಗೆ."

ನಾನು ಇವರ ಮುಖ ನೋಡಿದೆ. ಇವರು ಬಾಯಿ ತೆರೆದು ನಿಂತಿದ್ದರು. "ಹೌದಲ್ವಾ! ಆ ಧರಮ್‌ವೀರ್ ಅದನ್ನೇ ಅಂತಿದ್ದ. ಹೇಳಿದ್ ಮಾಡಿದ್ರೆ ಅಚ್ಚಾ ಅಚ್ಚಾ ಅಂತ ಬೆನ್ನು ತಟ್ಟೋನು. ಹತ್ರ ಹೋದ್ರೆ ಬಿಸ್ಕತ್ ಕೊಡೋನು."

"ಇಷ್ಟು ದಿನ ನಿಮ್ಮ ಕಿವಿ ಏನಾಗಿತ್ತು?" ಅಂದೆ. ನನಗೆ ರೇಗಿಹೋಗಿತ್ತು.

"ಅಮ್ಮ ಅಂತಿದ್ದದ್ದು ಹಚ್ಚಾ ಅಂತ ನಂಗೆ ಗೊತ್ತಲ್ಲೇ. ಅದು ಅಚ್ಚಾ ಅಂತ ಕೇಳಿಸ್ಲೇ ಇಲ್ಲ."

ಅದೂ ನಿಜವೇ. ನನಗೂ ಕೇಳಿಸಿರಲಿಲ್ಲ. ಅತ್ತೆ ಆಲು ಅಂದರೆ ನಾವು ಹಾಲು ಅಂತಲೇ ಕೇಳಿಸಿಕೊಂಡು ಅಭ್ಯಾಸ. ಅವರು ಅಂದದ್ದನ್ನು ಅಂದ ಹಾಗೆಯೇ ಕೇಳಿಸಿಕೊಂಡ ಜೀವ ನಮ್ಮ ಮನೆಯಲ್ಲಿ ಅದೊಂದೇ.

ಅತ್ತೆ ಅಷ್ಟಕ್ಕೆ ನಂಬುವವರೇ? ಕಾಂತರಾಜುವನ್ನು ಮೇಲಿಂದ ಕೆಳಗೆ ನೋಡಿದರು. "ನಿಂಗೆ ನಾಯಿ ಬ್ಯಾಡ ಅನ್ನಿಸ್ತೇನೋ, ಅದಕ್ಕೆ ಕತೆ ಕಟ್ತಾ ಇದೀಯ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಶಶಿ, ನೀನು ಅನ್ನು. ನೀನು ಓದಿದೋಳು, ನಿನ್ನ ಬಾಯಲ್ಲಿ ಸರ್ಯಾಗಿ ಬತ್ತದೆ" ಅಂದರು.

ನಾನು ಮೇಷ್ಟರನ್ನು ನೆನೆದು ಎದೆಯಿಂದ ಉಸಿರು ತೆಗೆದು ಹಚ್ಚಾ ಅಂದೆ. ನಾಯಿ ತಲೆ ಓರೆ ಮಾಡಿ ನನ್ನನ್ನು ನೋಡಿತು, ಎದ್ದು ಬರಲಿಲ್ಲ. ಅತ್ತೆ ದೂರ ಹೋಗಿ, ತುಳಸಿಕಟ್ಟೆಯ ಹಿಂದೆ ನಿಂತು, ಸಣ್ಣ ದನಿಯಲ್ಲಿ ಅಚ್ಚಾ ಅಂದರು. ನಾಯಿ ಒಂದೇ ಉಸಿರಿಗೆ ಓಡಿ ಹೋಗಿ ಅವರ ಕಾಲ ಬಳಿ ಕೂತಿತು.

"ಕಚ್ಚಿದ್ ಬಿಡು ಅನ್ನಾಕೆ ಏನ್ ಮಾತು?" ಅಂತ ಕೇಳಿದರು ಅತ್ತೆ.

ಇವರು ತಲೆ ಕೆರೆದುಕೊಂಡು, "ಛೋಡ್ ಅಂತಿದ್ದ ಅನ್ಸುತ್ತೆ" ಅಂದರು.

ಕಾಂತರಾಜುವಿನ ಹೆಗಲಿನಿಂದ ಅತ್ತೆ ಚೈನು ಕಿತ್ತುಕೊಂಡು ನಾಯಿಯ ಮೂತಿಯ ಮುಂದೆ ಆಡಿಸಿದರು. ಅದು ಚೈನಿನ ತುದಿ ಕಚ್ಚಿ ಹಿಡಿಯಿತು. "ಚೋಡು" ಅಂದರು. ಚೈನು ನೆಲಕ್ಕೆ ಬಿತ್ತು.

ಅತ್ತೆ ಹೋಗಿ ಜಗಲಿಯ ಮೇಲೆ ಕೂತರು. ಅವರ ತಲೆಯಲ್ಲಿ ಒಂದೊಂದೇ ಲೆಕ್ಕ ಬಿಚ್ಚಿಕೊಳ್ಳುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.

"ಅಂಗಾದ್ರೆ ಆ ಮೆಟ್ಟು ತಂದಾಗ ನಾನು ಭೇಷ್ ಅಂದ್ನಾ?"

"ಅಂದ್ರಿ" ಅಂದೆ.

"ಬೀರಪ್ಪನ ಕೈ ಇಡಿದಾಗ?"

ನಾನು ಹೌದು ಅಂತ ತಲೆ ಆಡಿಸಿದೆ.

"ಅಯ್ಯಯ್ಯೋ ಸಿವನೇ, ಇಡಿ ಇಡಿ, ಬಿಡಬ್ಯಾಡ ಅಂತ ನಾನೇ ಏಳ್ದಂಗಾಯ್ತಲ್ಲೇ! ಕೋಲು ಎತ್ಕೊಂಡ್ ಬಂದೋನಿಂದ ನನ್ನ ಕಾಪಾಡಾಕೆ ಬಂದಿತ್ತೇನೇ ಇದು?"

ಇವರು ನಿಧಾನಕ್ಕೆ, "ಅಮ್ಮಾ, ಹಂಗೇ ಇರ್ಬೋದು. ಆದ್ರೂ ಇದು ಮನೇಲಿ ಸುಮ್ಮನೆ ಇರೋ ನಾಯಿ ಅಲ್ಲ. ದಿನಾ ಓಡಾಡಿಸ್ಬೇಕು, ಕೆಲಸ ಕೊಡ್ಬೇಕು. ನನ್ನ ಕೈಲಿ ಆಗ್ಲಿಲ್ಲ. ಕಾಂತರಾಜು ಬಂದಿದಾನೆ, ಕಳಿಸ್ಬಿಡೋಣ" ಅಂದರು. ತಮ್ಮ ಕೈಲಿ ಆಗಲಿಲ್ಲ ಅಂತ ಇವರು ಬಾಯಿಬಿಟ್ಟು ಅಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಅತ್ತೆ ಎದ್ದು ಬಂದು ನೆಲದಲ್ಲಿ ಬಿದ್ದಿದ್ದ ಚೈನನ್ನು ಎತ್ತಿ ತೂಕ ನೋಡಿದರು. ಕಾಂತರಾಜುವನ್ನು ಕೇಳಿದರು: "ಇದನ್ನ ಯಾವಾಗ್ ಬಿಚ್ತೀಯ?"

"ಬಿಚ್ಚಕ್ಕಾಗಲ್ಲ ದೊಡ್ಡಮ್ಮ, ಜನ ಓಡಾಡ್ತಾರೆ."

"ನೆರಳೈತಾ ಅಲ್ಲಿ?"

"ಶೀಟ್ ಹಾಕಿಸ್ತೀನಿ."

"ಆಕಿಸ್ತೀನಿ ಅಂತೀಯ. ಈಗಿಲ್ಲ."

ಅತ್ತೆ ಚೈನನ್ನು ಗಾಡಿಯ ಹಿಂದಕ್ಕೆ ಎಸೆದರು, ಶಬ್ದಕ್ಕೆ ಅರ್ಪಿತ ಬಾಗಿಲು ತೆರೆದು ಹೊರಗೆ ಬಂದಳು.

"ನೀನ್ ಓಗಪ್ಪ" ಅಂದರು ಅತ್ತೆ. "ತೋಟದಲ್ಲಿ ನವಿಲು ಕಾಟ, ನಾನೊಬ್ಬಳೇ ಓಡ್ಸಿ ಓಡ್ಸಿ ಸಾಕಾಗದೆ. ಬೆಳಗ್ಗೆ ಬೈಗು ನನ್ನ ಜೊತೆ ಬರ್ಲಿ, ಬೇಕಾದಷ್ಟು ಓಡ್ಲಿ. ಬೀರಪ್ಪನ ಮನೆಗೆ ನಾನೇ ಓಗಿ ಕಾಲು ಇಡ್ಕೊಂಡ್ ಬತ್ತೀನಿ."

"ಅಮ್ಮಾ..." ಅಂದರು ಇವರು.

"ಏನ್ಲಾ ಅಮ್ಮ? ನಾನ್ ಯಾವತ್ತಾದ್ರೂ ಯಾರ್ಗಾದ್ರೂ ಒಂದ್ ಒಳ್ಳೆ ಮಾತಾಡಿದ್ನಾ? ನಿಮ್ಮಪ್ಪನಿಗೆ ಸಾಯೋ ಗಳಿಗೇಲೂ ಆಡ್ಲಿಲ್ಲ. ಜಮೀನು ಕಳೆದ್ಯಲ್ಲ ಅಂತ್ಲೇ ಅಂದೆ. ಈ ಶಶಿ ಬಂದು ಇಷ್ಟು ವರ್ಸ ಇಟ್ಟು ಬೇಯಿಸಾಕಿದ್ಲು, ಇವಳಿಗೂ ಆಡ್ಲಿಲ್ಲ. ಈ ಮುಂಡೇದು ಒಂದು, ನಾನು ದಿನಾ ಬೆಳಗಾದ್ರೆ ತನ್ನ ಒಗಳ್ತೀನಿ ಅಂತ ನಂಬ್ಕೊಂಡು ನನ್ನಿಂದೆ ತಿರುಗ್ತು. ಸುಳ್ಳೋ ನಿಜವೋ, ನನ್ನ ಒಳ್ಳೆಯೋಳು ಅಂದ್ಕೊಂಡಿರೋದು ಇದೊಂದೇ ಕಣ್ಲಾ. ಇದನ್ನ ಕಂಬಕ್ಕೆ ಕಟ್ಟಾಕ್ಸಿ ನಾನ್ ಎಂಗ್ಲಾ ಅನ್ನ ಉಣ್ಲಿ?"

ಅಂದು ಮತ್ತೆ ಜಗಲಿಯ ಮೇಲೆ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಮಾವ ಹೋದ ದಿನವೂ ಅವರು ನಮ್ಮ ಮುಂದೆ ಹೀಗೆ ಅತ್ತಿರಲಿಲ್ಲ. ನಾಯಿ ಅವರ ಮಂಡಿಯ ಮೇಲೆ ಗದ್ದ ಇಟ್ಟಿತು. ಅವರು ಅದನ್ನು ತಳ್ಳಲಿಲ್ಲ.

ನನಗೂ ಅಳು ಬಂತು. ನಾಯಿಯ ಮೇಲೆ ಹೊಟ್ಟೆಕಿಚ್ಚೂ ಬಂತು, ಯಾಕೆ ಸುಳ್ಳು ಹೇಳಲಿ. ಒಂದೇ ಒಂದು ಒಳ್ಳೆಯ ಮಾತಿಗೋಸ್ಕರ ನಾನೂ ಆ ಹೆಂಗಸಿನ ಮುಖ ನೋಡಿಕೊಂಡು ಕೂತವಳು, ಸಿಗಲಿಲ್ಲ ಅಂತ ಮುಖ ತಿರುಗಿಸಿಕೊಂಡವಳು. ಹತ್ತಿರ ಹೋಗಿ ಅವರ ಪಕ್ಕದಲ್ಲಿ ಜಗಲಿಯ ಮೇಲೆ ಕೂತೆ. ಅವರು ನನ್ನ ಕಡೆ ತಿರುಗಲಿಲ್ಲ, ಆದರೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.